ಹಿಟ್ಟಿಗೆ ಉಸುಕು ಬಿಡದ ಕಲ್ಲು

ಹೋದ ವಾರ ನಾನೂ ನನ್ನ ಹೆಂಡತಿಯೂ ಬೈಲಹೊಂಗಲದ ಒಂದು ಕಲ್ಲಿನ ಅಂಗಡಿಗೆ ಹೋಗಿದ್ದೆವು. ನಮ್ಮ ಅಡಿಗೆಮನೆಯಲ್ಲಿ ಗ್ಯಾಸ್ ಇಡುವ ಕಟ್ಟೆಯ ಪರಸಿಕಲ್ಲು ಮುಕ್ಕಾಗಿ ಮೂರು ವರ್ಷವಾಗಿದೆ. ಹೆಂಡತಿ ಹೇಳಿದಾಗಲೆಲ್ಲ ‘ರಿಟೈರ್ ಆದ ಮೇಲೆ ನೋಡೋಣು’ ಎಂದು ನೂಕುತ್ತ ಬಂದಿದ್ದೆ. ಈಗ ರಿಟೈರೂ ಆಗಿ, ನೂಕಲು ಬೇರೆ ನೆವ ಸಿಗದೆ, ಆಕೆಯ ಹಿಂದೆ ಚೀಲ ಹಿಡಿದು ಹೊರಟಿದ್ದೆ. ಚೀಲ ಯಾಕೆ ಹಿಡಿದೆ ಎಂದು ಕೇಳಬೇಡಿ. ಕಲ್ಲನ್ನು ಯಾರೂ ಚೀಲದಲ್ಲಿ ತರುವುದಿಲ್ಲ ಎಂಬುದು ಅಂಗಡಿಯ ಬಾಗಿಲಲ್ಲಿ ಹೊಳೆಯಿತು.

ಅಂಗಡಿಯವರು ಬಹಳ ಹುರುಪಿನ ಮನುಷ್ಯ. ಗೋಡೆಗೆ ಒರಗಿಸಿದ್ದ ಹಲಗೆಗಳ ಮೇಲೆ ಒಂದೊಂದು ಚೊಂಬು ನೀರು ಸುರಿದು, ಕೈಯಿಂದ ಒರೆಸಿ, ‘ಇದು ಕರಿ ಗ್ರ್ಯಾನೈಟ್ ರೀ, ಇದು ಕೆಂಪು ಗ್ರ್ಯಾನೈಟ್ ರೀ, ಇದು ಡಿಸೈನ್ ಗ್ರ್ಯಾನೈಟ್’ ಎಂದು ತೋರಿಸುತ್ತಿದ್ದರು. ಡಿಸೈನ್ ಎಂದು ಅವರು ಕರೆದ ಹಲಗೆಯಲ್ಲಿ ಬಿಳಿ ಮತ್ತು ಬೂದಿ ಬಣ್ಣದ ಪಟ್ಟೆಗಳು ಬಳುಕುತ್ತ ಹೋಗಿದ್ದವು. ಅದು ಗ್ರ್ಯಾನೈಟ್ ಅಲ್ಲ, ನೈಸ್ ಎಂಬ ರೂಪಾಂತರ ಶಿಲೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವನ ಬಾಯಿ ಆಗಲೇ ತುರಿಸತೊಡಗಿತ್ತು. ಹೆಂಡತಿ ನನ್ನ ಮುಖವನ್ನು ನೋಡದೆಯೇ, ‘ರೀ, ಇಲ್ಲಿ ಪಾಠ ಸುರು ಮಾಡಬ್ಯಾಡ್ರಿ. ಅವರಿಗೆ ಗಿರಾಕಿ ಭಾಳ ಅದಾರ’ ಎಂದಳು. ನಾನು ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿದರೆ ಮೂಗು ತೆರೆದೇ ಇರುತ್ತದಲ್ಲ. ಒಳಗೆ ಯಂತ್ರದಲ್ಲಿ ಯಾವುದೋ ಕಲ್ಲು ಕೊಯ್ಯುತ್ತಿದ್ದರು. ನೀರು ಬಿದ್ದ ಬಿಸಿ ಕಲ್ಲಿನ ಪುಡಿಗೆ ಒಂದು ವಾಸನೆ ಇದೆ. ನೀವು ಎಂದಾದರೂ ಎರಡು ಬೆಣಚುಕಲ್ಲು ಉಜ್ಜಿ ಮೂಸಿ ನೋಡಿದ್ದರೆ ಅದು ನಿಮಗೆ ಗೊತ್ತು. ಸುಟ್ಟ ಹಾಗೆ, ಸ್ವಲ್ಪ ಖಾರದ ಹಾಗೆ. ಆ ವಾಸನೆ ನನ್ನನ್ನು ನಿಂತಲ್ಲಿಂದಲೇ ನಲವತ್ತು ವರ್ಷ ಹಿಂದೆ, ನೇಸರಗಿಯ ನಮ್ಮ ಅತ್ತಿಯ ಹಿತ್ತಲಿಗೆ ಒಯ್ದಿತು. ಅಲ್ಲಿ ನಾನೊಂದು ಘನಂದಾರಿ ಕೆಲಸ ಮಾಡಿದ್ದೇನೆ.

ಅತ್ತಿ ಎಂದರೆ ನನ್ನ ಅಪ್ಪನ ತಂಗಿ, ನೀಲವ್ವ. ನಮ್ಮದು ರಾಮದುರ್ಗದ ಕಡೆಯ ಸಾಲಹಳ್ಳಿ. ಅತ್ತಿಯನ್ನು ನೇಸರಗಿಗೆ ಕೊಟ್ಟಿದ್ದರು. ನಾನು ಬೈಲಹೊಂಗಲದ ಕಾಲೇಜಿಗೆ ಸೇರಿದಾಗ ಹಾಸ್ಟೆಲ್ಲಿನ ಮಾತು ಎತ್ತಿದ ಅಪ್ಪನಿಗೆ ಅತ್ತಿ, ‘ನಾ ಸತ್ತೇನೇನು’ ಎಂದು ಒಂದೇ ಮಾತು ಕೇಳಿ ನನ್ನ ಟ್ರಂಕು ಒಳಗಿಟ್ಟುಕೊಂಡಿದ್ದಳು. ಹಾಗಾಗಿ ಮೂರು ವರ್ಷ ನಾನು ದಿನಾ ಬಸ್ಸಿನಲ್ಲಿ ಹೋಗಿಬಂದು, ಅತ್ತಿಯ ಮನೆಯ ರೊಟ್ಟಿ ತಿಂದು ಬೆಳೆದೆ. ಮಾಮಾ, ಅಂದರೆ ಅತ್ತಿಯ ಗಂಡ, ಹೊಲದ ಕೆಲಸ ಬಿಟ್ಟರೆ ಯಾವ ವಿಷಯಕ್ಕೂ ತಲೆ ಕೆಡಿಸಿಕೊಳ್ಳದ ಆರಾಮಿನ ಮನುಷ್ಯ. ಅವರಿಗೆ ಒಬ್ಬಳೇ ಮಗಳು, ಸುಮಂಗಲಾ. ಅತ್ತಿಯ ಮಗಳೆಂದರೆ ನಮ್ಮ ಕಡೆ ಲಗ್ನಕ್ಕೆ ಹಕ್ಕಿನ ಹುಡುಗಿ. ನನಗಿಂತ ಎರಡು ವರ್ಷ ದೊಡ್ಡವಳಾಗಿ ಹುಟ್ಟಿದ್ದರಿಂದ ಆಕೆ ಬಚಾವಾದಳು.

ಎರಡನೆಯ ವರ್ಷದಲ್ಲಿ ನಮಗೆ ಭೂವಿಜ್ಞಾನದ ಸುತ್ತಿಗೆ ಕೊಟ್ಟರು. ಒಂದು ಕಡೆ ಚೌಕ, ಇನ್ನೊಂದು ಕಡೆ ಗಿಳಿಯ ಮೂಗಿನಂಥ ಚೂಪು. ಅದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಬಸ್ಸಿನಿಂದ ಇಳಿದ ದಿನ ನೇಸರಗಿಯೇ ನನ್ನನ್ನು ನೋಡುತ್ತಿದೆ ಎಂದು ನನಗನಿಸಿತ್ತು. ನೋಡಿದವರು ಇಬ್ಬರೇ. ಅವರಲ್ಲಿ ಒಬ್ಬರು, ‘ಏನಪಾ, ಬಂಗಾರ ಸಿಕ್ಕೀತೇನು’ ಎಂದು ಕೇಳಿದರು. ಆಮೇಲೆ ನಾನು ಊರಿನ ಕಂಡಕಂಡ ಕಲ್ಲುಗಳನ್ನು ಒಡೆಯುತ್ತ ಹೋದೆ. ಊರ ಅಗಸಿ ಬಾಗಿಲ ಮುಂದಿನದು, ಬಾವಿಕಟ್ಟೆಯ ಹತ್ತಿರದ್ದು, ಹೊಲದ ಬದುವಿನದು. ನಮ್ಮ ಮೇಷ್ಟರು ಹೇಳಿದ್ದರು, ಬಿಸಿಲು ಮಳೆಗೆ ಸಿಕ್ಕ ಮೇಲ್ಮೈ ನಂಬಬೇಡಿ, ಹೊಸದಾಗಿ ಒಡೆದ ಮುಖ ನೋಡಿ ಹೆಸರು ಹೇಳಿ ಎಂದು. ಅವರು ಹೇಳಿದ್ದರಲ್ಲಿ ನಾನು ಅಕ್ಷರಶಃ ಪಾಲಿಸಿದ್ದು ಅದೊಂದೇ.

ಕಲ್ಲುಗಳಲ್ಲಿ ಮೂರು ಕುಲ. ಕರಗಿದ್ದು ಆರಿ ಗಟ್ಟಿಯಾದರೆ ಅಗ್ನಿಶಿಲೆ. ಬೈಲಹೊಂಗಲ, ನೇಸರಗಿಯ ಕಪ್ಪು ಹೊಲದ ಕೆಳಗೆ ಇರುವ ಕರಿಕಲ್ಲು ಆ ಜಾತಿಯದು. ಉಸುಕು, ಕೆಸರು ನೀರಿನ ಕೆಳಗೆ ಪದರು ಪದರಾಗಿ ಕೂತು ಗಟ್ಟಿಯಾದರೆ ಜಲಜಶಿಲೆ. ಈ ಎರಡರಲ್ಲಿ ಯಾವುದೇ ಆಗಲಿ, ನೆಲದ ಆಳಕ್ಕೆ ಇಳಿದು, ಕಾವಿಗೂ ಒತ್ತಡಕ್ಕೂ ಸಿಕ್ಕು, ಆದರೆ ಕರಗದೆ, ಇದ್ದಲ್ಲೇ ಬೇರೆಯಾದರೆ ಅದು ರೂಪಾಂತರ ಶಿಲೆ. ಕೆಸರುಗಲ್ಲು ಒತ್ತಡಕ್ಕೆ ಸಿಕ್ಕರೆ ನಾವು ಸಣ್ಣವರಿದ್ದಾಗ ಬರೆದ ಪಾಟಿಯ ಕಲ್ಲಾಗುತ್ತದೆ. ಇನ್ನೂ ಕಾವು ತಾಗಿದರೆ ಅಭ್ರಕದ ಹರಳು ಬೆಳೆದು ಮಿರುಗುವ ಶಿಸ್ಟ್ ಆಗುತ್ತದೆ. ಕಿತ್ತೂರಿನ ಕಡೆಯ ಗುಡ್ಡಗಳಲ್ಲಿ ಅದನ್ನು ನೋಡಬಹುದು. ಇನ್ನೂ ಆಳಕ್ಕೆ ಹೋದರೆ ಪಟ್ಟೆಪಟ್ಟೆಯ ನೈಸ್. ಇವೆಲ್ಲ ಪದರು ಇರುವ ಗುಂಪು. ಪದರು ಇಲ್ಲದ ಗುಂಪೂ ಒಂದಿದೆ. ಸುಣ್ಣದ ಕಲ್ಲು ಬೆಂದು ಅಮೃತಶಿಲೆ ಆಗುವುದು, ಉಸುಕುಗಲ್ಲು ಬೆಂದು ಕ್ವಾರ್ಟ್ಜೈಟ್ ಆಗುವುದು ಈ ಗುಂಪಿನಲ್ಲಿ. ನೋಡಿ, ಹೆಂಡತಿ ಅಂಗಡಿಯಲ್ಲಿ ತಡೆದ ಪಾಠವನ್ನು ನಿಮಗೆ ಮಾಡಿಬಿಟ್ಟೆ. ಮುಂದಿನ ಕಥೆಗೆ ಇದರಲ್ಲಿ ಕೊನೆಯ ಒಂದು ವಾಕ್ಯ ಬೇಕೇ ಬೇಕು, ಅದಕ್ಕಾಗಿ ಕ್ಷಮಿಸಿ.

ಅತ್ತಿಯ ಪಡಸಾಲೆಯ ಮೂಲೆಯಲ್ಲಿ ಒಂದು ಬೀಸುಕಲ್ಲಿತ್ತು. ಲಗ್ನವಾದ ವರ್ಷ ನಮ್ಮ ಅಜ್ಜ ಸಾಲಹಳ್ಳಿಯಿಂದ ಚಕ್ಕಡಿಯಲ್ಲಿ ಹೇರಿಸಿ ಕಳಿಸಿದ್ದು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ದಿನದ ಬೀಸುವ ಕೆಲಸ ನಿಂತಿತ್ತು. ಆದರೂ ಬೇಳೆ ಒಡೆಯಲು, ಹಬ್ಬಕ್ಕೆ ನಾಲ್ಕು ಮುಷ್ಟಿ ಹಿಟ್ಟು ಬೀಸಲು ಅತ್ತಿ ಅದರ ಮುಂದೆ ಕೂರುತ್ತಿದ್ದಳು. ಮುಖ್ಯವಾಗಿ ಲಗ್ನದ ಮನೆಯಲ್ಲಿ ಬೀಸುಕಲ್ಲಿಲ್ಲದೆ ಯಾವುದೂ ಸುರುವಾಗುವುದಿಲ್ಲ. ಐದು ಜನ ಮುತ್ತೈದೆಯರು ಕಲ್ಲಿಗೆ ಸುಣ್ಣ, ಕೆಮ್ಮಣ್ಣು ಬಳಿದು, ಗೂಟಕ್ಕೆ ಅರಿಶಿನದ ಕೊಂಬು ಕಟ್ಟಿ, ಹಾಡುತ್ತ ಮೊದಲ ಹಿಡಿ ಬೀಸಿದ ಮೇಲೆಯೇ ಮದುಮಗಳಿಗೆ ಅರಿಶಿನ ಹಚ್ಚುವುದು. ಸುಮಂಗಲಕ್ಕನ ಲಗ್ನಕ್ಕೆ ಆಗ ಹನ್ನೆರಡು ದಿನ ಇತ್ತು. ಅತ್ತಿ ಆ ಕಲ್ಲನ್ನು ತೊಳೆದು, ಹಿತ್ತಲಲ್ಲಿ ಬಿಸಿಲಿಗೆ ಇಟ್ಟಿದ್ದಳು.

ಅಲ್ಲಿಯೇ ನನ್ನ ಬುದ್ಧಿ ಕೆಟ್ಟದ್ದು. ತೊಳೆದ ಕಲ್ಲು ಬಿಸಿಲಿಗೆ ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಇದು ಉಸುಕುಗಲ್ಲೋ, ಬೆಂದು ಕ್ವಾರ್ಟ್ಜೈಟ್ ಆದದ್ದೋ ಎಂಬ ಪ್ರಶ್ನೆ ತಲೆ ಹೊಕ್ಕಿತು. ಪುಸ್ತಕದಲ್ಲಿ ಇದಕ್ಕೆ ಒಂದು ಚೆಂದದ ಪರೀಕ್ಷೆ ಇದೆ. ಒಡೆದಾಗ ಬಿರುಕು ಉಸುಕಿನ ಕಾಳುಗಳ ಸುತ್ತ ಬಳಸಿ ಹೋದರೆ ಅದು ಉಸುಕುಗಲ್ಲು. ಕಾಳುಗಳನ್ನೇ ಸೀಳಿಕೊಂಡು ಹೋದರೆ ಕ್ವಾರ್ಟ್ಜೈಟ್. ಯಾಕೆಂದರೆ ಬೆಂದ ಕಲ್ಲಿನಲ್ಲಿ ಕಾಳೂ ಕಾಳೂ ಎಷ್ಟು ಗಟ್ಟಿಯಾಗಿ ಬೆಸೆದಿರುತ್ತವೆ ಎಂದರೆ ಅವುಗಳ ನಡುವೆ ಬಿರುಕಿಗೆ ದಾರಿಯೇ ಇರುವುದಿಲ್ಲ. ಅಂಚಿನಿಂದ ಉಗುರಿನಷ್ಟು ಚೂರು ಹಾರಿಸಿದರೆ ಯಾರಿಗೆ ಗೊತ್ತಾದೀತು ಎಂದು ಮೇಲಿನ ಕಲ್ಲನ್ನು ಒರಗಿಸಿ, ಸುತ್ತಿಗೆಯಿಂದ ಒಂದು ಏಟು ಹಾಕಿದೆ. ಹಾರಲಿಲ್ಲ. ಇನ್ನೊಂದು ಸ್ವಲ್ಪ ಜೋರಾಗಿ ಹಾಕಿದೆ. ಒಳಗೆ ಮೊದಲೇ ಎಲ್ಲೋ ಒಂದು ಬಿರುಕು ಇದ್ದಿರಬೇಕು. ಕಲ್ಲು ಟಣ್ ಎಂದು ನಡುವೆ ಎರಡು ಹೋಳಾಗಿ ಆಚೆಗೊಂದು ಈಚೆಗೊಂದು ಮಲಗಿತು. ಆಗ ಬಂದದ್ದೇ ನಾನು ಹೇಳಿದ ಆ ವಾಸನೆ.

ನನ್ನ ನಾಚಿಕೆಗೇಡಿತನವನ್ನು ಪೂರ್ತಿ ಹೇಳಿಬಿಡುತ್ತೇನೆ. ಮೊದಲು ನಾನು ಮಾಡಿದ್ದು ಬಗ್ಗಿ ಬಿರುಕು ಕಾಳನ್ನು ಸೀಳಿದೆಯೋ ಬಳಸಿದೆಯೋ ಎಂದು ನೋಡಿದ್ದು. ಸೀಳಿತ್ತು. ಒಂದು ಕ್ಷಣ ಖುಷಿಯಾಯಿತು. ತಲೆ ಎತ್ತಿದರೆ ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ಅತ್ತಿ ನಿಂತಿದ್ದಳು. ಸಪ್ಪಳಕ್ಕೇ ಆಕೆಗೆ ಗೊತ್ತಾಗಿತ್ತು. ಬಂದು, ಕೂತು, ಒಡೆದ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು. ನಾನು ಬೈಗಳಿಗೆ ಕಾಯುತ್ತಿದ್ದೆ. ಆಕೆ, ‘ಒಡದಿ, ಆತು. ಏನ ಗೊತ್ತಾತು ಹೇಳು’ ಎಂದಳು.

ಆ ಪ್ರಶ್ನೆಯನ್ನು ಇವತ್ತಿಗೂ ನಾನು ಮರೆತಿಲ್ಲ. ಆಮೇಲೆ ಎಷ್ಟೋ ಮೌಖಿಕ ಪರೀಕ್ಷೆ ಕೊಟ್ಟೆ, ತೆಗೆದುಕೊಂಡೆ. ಯಾವುದರಲ್ಲೂ ಹಾಗೆ ಬೆವರಲಿಲ್ಲ. ತೊದಲುತ್ತ ಹೇಳಿದೆ, ಒಂದು ಕಾಲಕ್ಕೆ ಸಾಲಹಳ್ಳಿಯಲ್ಲಿ ಸಮುದ್ರ ಇತ್ತು, ಈ ಕಲ್ಲು ಆಗ ಅದರ ದಂಡೆಯ ಉಸುಕು ಎಂದು. ಆ ಉಸುಕು ಆಳಕ್ಕೆ ಹೋಗಿ ಬೆಂದಿದೆ, ಕರಗಿಲ್ಲ, ಆದರೂ ಬೇರೆಯಾಗಿದೆ ಎಂದು.

‘ಕರಗಿಲ್ಲ, ಆದ್ರೂ ಬೆಂದೈತಿ. ಅಂದ್ರ ಕಡಬು. ನೀರಾಗ ಬಿಟ್ಟಿಲ್ಲ, ಹಬಿಯಾಗ ಇಟ್ಟಾರ.’

‘ಹೂಂ ಅತ್ತಿ. ಅದಕ್ಕ ಇದು ಉಸುಕುಗಲ್ಲಲ್ಲ ಅಂತ ಗೊತ್ತಾತು.’

‘ಅಷ್ಟs ಏನು? ಉಸುಕುಗಲ್ಲಾಗಿದ್ರ ಬೀಸಿದಾಗೆಲ್ಲ ಹಿಟ್ಟಿನಾಗ ಉಸುಕು ಬೀಳತಿತ್ತು. ಇಪ್ಪತ್ತೆರಡು ವರ್ಷ ಈ ಕಲ್ಲಿನ ಹಿಟ್ಟು ಉಂಡೇವಿ, ಒಬ್ಬರ ಹಲ್ಲಿಗೂ ಒಂದು ಹಳ್ಳು ಹತ್ತಿಲ್ಲ. ನನ್ನ ಕೇಳಿದ್ರ ಹೇಳತಿದ್ನಿಲ್ಲೋ ತಮ್ಮಾ.’

ಪರೀಕ್ಷೆಯ ಉತ್ತರ ಎರಡು ವರ್ಷದಿಂದ ಹಬ್ಬ ಬಂದಾಗೆಲ್ಲ ನನ್ನ ತಾಟಿನಲ್ಲೇ ಬಂದು ಬೀಳುತ್ತಿತ್ತು, ನಾನು ಅದನ್ನು ಪಲ್ಯ ಹಚ್ಚಿಕೊಂಡು ತಿಂದು ಮುಗಿಸಿದ್ದೆ. ಅತ್ತಿ ಎದ್ದು ಎರಡೂ ಹೋಳುಗಳನ್ನು ತೊಳೆದು, ಕುಂಕುಮ ಹಚ್ಚಿ, ಗೋಡೆಯ ಬದಿಗೆ ಇಟ್ಟಳು. ಆಗ ಆಕೆಯ ಕಣ್ಣು ತುಂಬಿದ್ದನ್ನು ನೋಡಿದೆ. ತಪ್ಪಾಯಿತು ಎಂಬ ಮಾತು ಗಂಟಲವರೆಗೆ ಬಂತು, ಹೊರಗೆ ಬರಲಿಲ್ಲ. ಹತ್ತೊಂಬತ್ತರ ಹುಡುಗರಿಗೆ ಆ ಮಾತು ಸಲೀಸಾಗಿ ಬರುವುದಿಲ್ಲ.

ಹೊಲದಿಂದ ಬಂದ ಮಾಮಾ ಹೋಳುಗಳನ್ನು ನೋಡಿ, ಕಾಲು ತೊಳೆದುಕೊಂಡು, ಊಟಕ್ಕೆ ಕೂತು, ‘ಅದಕ್ಯಾಕ ಚಿಂತಿ? ಮಿಕ್ಸರ್ ಐತಲ್ಲ, ಅದಕ್ಕs ಅರಿಶಿನ ಕೊಂಬು ಕಟ್ರಿ’ ಎಂದರು. ಸುಮಂಗಲಕ್ಕ ನಕ್ಕಳು. ಅತ್ತಿ ನಗಲಿಲ್ಲ. ‘ಸವದತ್ತಿ ಪ್ಯಾಟಿಯಾಗ ಹೊಸಾ ಬೀಸುಕಲ್ಲು ಸಿಗತಾವು, ಒಂದ ತಂದ್ರಾತು’ ಎಂದು ಮಾಮಾ ಇನ್ನೊಂದು ದಾರಿ ತೋರಿಸಿದರು. ಅತ್ತಿ ತಲೆ ಅಲ್ಲಾಡಿಸಿದಳು. ಕೆಳಗಿನ ಕಲ್ಲು ಒಡೆಯದೆ ಸಾಬೂತಾಗಿದೆ, ಅದಕ್ಕೆ ಬೇರೆ ಊರಿನ ಮೆತ್ತನೆಯ ಕಲ್ಲು ಜೋಡಿ ಮಾಡಿದರೆ ಕೆಳಗಿನದು ಮೇಲಿನದನ್ನು ತಿಂದುಹಾಕುತ್ತದೆ, ಹಿಟ್ಟಿನ ತುಂಬ ಅದರದೇ ಪುಡಿ ಬರುತ್ತದೆ ಎಂದಳು. ಬೇಕಾದದ್ದು ಅದೇ ಗುಡ್ಡದ, ಅಷ್ಟೇ ಬೆಂದ ಕಲ್ಲು. ಉಸುಕು ಬಿದ್ದ ಹಿಟ್ಟಿನಿಂದ ಮಗಳ ಲಗ್ನ ಸುರು ಮಾಡಲು ಆಕೆ ತಯಾರಿರಲಿಲ್ಲ. ‘ನಾಳೆ ಸಾಲಹಳ್ಳಿಗೆ ಹೋಗೂಣು. ನೀನೂ ಬಾ. ಸುತ್ತಿಗಿ ಮನ್ಯಾಗ ಇರಲಿ’ ಎಂದು ನನಗೆ ಹೇಳಿದಳು.

ಮರುದಿನ ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಮೂರು ಬಸ್ಸು ಬದಲಿಸಿ ಹೊರಟೆವು. ಅತ್ತಿ ಕಿಟಕಿಯ ಹತ್ತಿರ ಕೂತು ದಾರಿಯುದ್ದಕ್ಕೂ ನನ್ನನ್ನು ಕೇಳುತ್ತ ಬಂದಳು. ಕಪ್ಪು ನೆಲ ಮುಗಿದು ಸವದತ್ತಿಯ ಕೆಂಪು ಗುಡ್ಡಗಳು ಬಂದಾಗ, ‘ಇದು ಬೆಂದದ್ದೋ ಹಸೀದೋ’ ಎಂದಳು. ಬೆಂದದ್ದು ಎಂದೆ. ಸಿರಸಂಗಿಯ ಹೆಸರಿನ ಬೋರ್ಡು ಕಂಡಾಗ ತನ್ನ ಗೆಳತಿಯನ್ನು ಆ ಊರಿಗೆ ಕೊಟ್ಟ ಕಥೆ ಹೇಳಿ, ಅದು ಮುಗಿಯುವ ಮೊದಲೇ, ‘ಪಾಟಿ ಕಲ್ಲು ಕಾವು ಹತ್ತಿದ್ರ ಮಿಂಚತೈತಿ ಅಂದೆಲ್ಲ, ಇನ್ನೂ ಕಾವು ಹತ್ತಿದ್ರ?’ ಎಂದಳು. ಪಟ್ಟೆ ಬರುತ್ತದೆ ಎಂದೆ. ‘ಇನ್ನೂ ಹತ್ತಿದ್ರ?’ ಕರಗಿ ಮತ್ತೆ ಅಗ್ನಿಶಿಲೆಯೇ ಆಗುತ್ತದೆ ಎಂದೆ. ಅತ್ತಿ, ‘ಹಂಗಾದ್ರ ಎಷ್ಟ ಬೇಯಬೇಕು ಅನ್ನೂದs ಎಲ್ಲಾ’ ಎಂದಳು. ಇದೇ ವಿಷಯವನ್ನು ನಮ್ಮ ಪಠ್ಯಪುಸ್ತಕ ಎರಡು ಅಧ್ಯಾಯ ತೆಗೆದುಕೊಂಡು ಹೇಳಿತ್ತು.

ಸಾಲಹಳ್ಳಿಯಲ್ಲಿ ಅಪ್ಪ ನಮ್ಮಿಬ್ಬರನ್ನೂ ನೋಡಿ ಗಾಬರಿಯಾದ. ಅಪ್ಪನ ಸಿಟ್ಟು ಊರಿಗೇ ಗೊತ್ತು. ಸುದ್ದಿ ಕೇಳಿ, ‘ಯಾರು ಒಡದ್ರು’ ಎಂದು ನೇರವಾಗಿ ನನ್ನನ್ನೇ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತಿ, ‘ಒಳಗ ಬಿರಕಿತ್ತು, ಒಡೀತು. ಮೊದಲ ಚಾ ಮಾಡಸು’ ಎಂದಳು. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ನಾನು ಚಹ ಕುಡಿಯುತ್ತ ಆಕೆಯ ಮೇಲೆ ಇದ್ದ ಪ್ರೀತಿಯನ್ನು ಎಲ್ಲಿ ಇಡಬೇಕೋ ತಿಳಿಯದೆ ಚಹದ ಬಸಿ ಕೆಳಗೆ ಬೀಳಿಸಿದೆ.

ಕಲ್ಲು ಕಟೆಯುವ ಯಮನಪ್ಪಜ್ಜ ನಮ್ಮ ಜತೆ ಗುಡ್ಡದ ಬುಡಕ್ಕೆ ಬಂದ. ಅಲ್ಲಿ ಉರುಳಿ ಬಿದ್ದ ಕಲ್ಲುಗಳು ನೂರಾರು. ‘ಸಾಲಿ ಕಲ್ತಾಂವ ಅದಾನಲ್ಲ, ಅವನs ಆರಿಸಲಿ’ ಎಂದು ಅಜ್ಜ ಬೀಡಿ ಹಚ್ಚಿದ. ನನಗೆ ಮತ್ತೆ ಹುರುಪು ಬಂತು. ನಸುಗೆಂಪು ಬಣ್ಣದ, ಹೊಳೆಯುವ, ನೋಡಲು ರಾಜನಂಥ ಒಂದು ಕಲ್ಲು ತೋರಿಸಿ ಇದು ಪಕ್ಕಾ ಕ್ವಾರ್ಟ್ಜೈಟ್ ಎಂದೆ. ಅತ್ತಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಮುಷ್ಟಿ ಜೋಳ. ಆ ಕಲ್ಲಿನ ಮೇಲೆ ನಾಲ್ಕು ಕಾಳು ಇಟ್ಟು, ಅದರದೇ ಒಂದು ತುಂಡಿನಿಂದ ಅರೆದು, ಪುಡಿಯನ್ನು ನಾಲಿಗೆಗೆ ಹಾಕಿಕೊಂಡು, ಮುಂದಿನ ಹಲ್ಲಿನಿಂದ ಮೆಲ್ಲಗೆ ಕಡಿದಳು. ಆಮೇಲೆ ಪಕ್ಕಕ್ಕೆ ಉಗುಳಿ, ‘ಕರಕರ ಅಂತೈತಿ’ ಎಂದಳು. ನಾನೂ ಹಾಕಿಕೊಂಡೆ. ನಿಜ, ಕರಕರ ಎಂದಿತು.

ಅಲ್ಲಿ ನನಗೆ ಪುಸ್ತಕದಲ್ಲಿ ಇಲ್ಲದ ಒಂದು ಪಾಠವಾಯಿತು. ಪುಸ್ತಕದಲ್ಲಿ ಉಸುಕುಗಲ್ಲಿಗೆ ಒಂದು ಪುಟ, ಕ್ವಾರ್ಟ್ಜೈಟಿಗೆ ಇನ್ನೊಂದು ಪುಟ. ಗುಡ್ಡದಲ್ಲಿ ಪುಟಗಳಿಲ್ಲ. ಪೂರಾ ಬೆಂದದ್ದು, ಮುಕ್ಕಾಲು ಬೆಂದದ್ದು, ಹಸಿಬಿಸಿ ಇರುವುದು ಎಲ್ಲ ಒಂದರ ಮಗ್ಗುಲಿಗೆ ಒಂದು ಬಿದ್ದಿರುತ್ತವೆ. ಗೆರೆ ಎಳೆಯುವವರು ನಾವು. ಅತ್ತಿ ತನ್ನ ಗೆರೆಯನ್ನು ಹಲ್ಲಿನ ಮೇಲೆ ಎಳೆದಿದ್ದಳು. ಅವತ್ತು ಸಂಜೆಯವರೆಗೆ ಆಕೆ ಒಂದೊಂದೇ ಕಲ್ಲಿನ ಹತ್ತಿರ ಕೂತು, ಅರೆದು, ರುಚಿ ನೋಡಿ, ಉಗುಳುತ್ತ ಹೋದಳು. ಯಮನಪ್ಪಜ್ಜ ಬಾರಿಸಿ ನಾದ ಕೇಳಿ ಚೊಲೋ ಎಂದದ್ದರಲ್ಲೂ ಎರಡನ್ನು ಆಕೆ ಒಪ್ಪಲಿಲ್ಲ. ‘ಯವ್ವಾ, ಕಲ್ಲು ನೋಡಾಕ ಬಂದೀಯೋ, ಹಬ್ಬದ ಊಟಕ್ಕ ಬಂದೀಯೋ’ ಎಂದು ಅಜ್ಜ ಕೇಳಿದ. ನಾನು ಒಂದು ಗಿಡದ ನೆರಳಲ್ಲಿ ಕೂತು, ಜೋಳ ಮುಗಿದರೆ ಏನು ಗತಿ ಎಂದು ಚಿಂತಿಸುತ್ತಿದ್ದೆ. ಲಗ್ನಕ್ಕೆ ಹನ್ನೊಂದೇ ದಿನ ಉಳಿದಿತ್ತು. ಕಟೆಯಲು ನಾಲ್ಕು ದಿನ ಬೇಕು ಎಂದು ಅಜ್ಜ ಮೊದಲೇ ಹೇಳಿದ್ದ.

ಕೊನೆಗೆ ಆಕೆ ಆರಿಸಿದ್ದು ಬೂದಿ ಬಣ್ಣದ, ಒಂದು ಮಗ್ಗುಲಿಗೆ ತುಕ್ಕಿನ ಕಲೆ ಇದ್ದ, ನಾನು ಎರಡು ಸಲ ದಾಟಿ ಹೋಗಿದ್ದ ಒಂದು ಕುರೂಪಿ ಕಲ್ಲನ್ನು. ಪುಡಿಯನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳು. ಉಗುಳಲಿಲ್ಲ, ನುಂಗಿದಳು. ‘ಇದs’ ಎಂದಳು.

ಯಮನಪ್ಪಜ್ಜ ಕಟೆಯುವ ನಾಲ್ಕು ದಿನವೂ ಅತ್ತಿ ಸಾಲಹಳ್ಳಿಯಲ್ಲೇ ಉಳಿದಳು. ಲಗ್ನದ ಮನೆಯಲ್ಲಿ ರಾಶಿ ಕೆಲಸ ಇದೆ ಎಂದು ಅಪ್ಪ ಹೇಳಿದರೆ, ‘ಕಲ್ಲು ಬಿಟ್ಟು ಹೋಗೂದಿಲ್ಲ’ ಎಂದಳು. ಲಗ್ನವಾದ ಮೇಲೆ ಆಕೆ ತವರಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಂತದ್ದು ಯಾರಿಗೂ ನೆನಪಿರಲಿಲ್ಲ. ಬೆಳಿಗ್ಗೆ ಎದ್ದು ಯಮನಪ್ಪಜ್ಜನ ಅಂಗಳಕ್ಕೆ ಹೋಗಿ, ಉಳಿ ಎಲ್ಲಿ ಬೀಳಬೇಕೆಂದು ಹೇಳುತ್ತ ಕೂರುತ್ತಿದ್ದಳು. ಓಣಿಯ ಹಳೆಯ ಗೆಳತಿಯರು ಅಲ್ಲಿಗೇ ಬಂದು ಜಮಾಯಿಸುತ್ತಿದ್ದರು. ಅತ್ತಿ ಅಷ್ಟು ಜೋರಾಗಿ ನಗುತ್ತಾಳೆಂದು ನನಗೆ ನೇಸರಗಿಯಲ್ಲಿ ಎರಡು ವರ್ಷ ಇದ್ದರೂ ಗೊತ್ತಿರಲಿಲ್ಲ.

ತಿರುಗಿ ಬರುವಾಗ ಕಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿಗೆ ಏರಿಸಿದೆವು. ಕಂಡಕ್ಟರ್ ನೋಡಿ, ‘ಯಕ್ಕಾರ, ಇದಕ್ಕ ಹಾಫ್ ಟಿಕೀಟ್ ಹರಿಲೋ, ಫುಲ್ ಹರಿಲೋ? ವಯಸ್ಸೆಷ್ಟು’ ಎಂದು ಚೇಷ್ಟೆ ಮಾಡಿದ. ಅತ್ತಿ ಗಂಭೀರವಾಗಿ, ‘ನಮ್ಮ ಹುಡುಗನ್ನ ಕೇಳ್ರಿ, ಅವಗ ಗೊತ್ತೈತಿ’ ಎಂದಳು. ನಾನು, ‘ನೂರು ಕೋಟಿ ವರ್ಷದ ಮ್ಯಾಲ’ ಎಂದೆ. ಕಂಡಕ್ಟರ್ ಕೈಮುಗಿದು, ‘ಹಂಗಾದ್ರ ಹಿರೇರು. ಕುಂದರ್ಲಿ ಬಿಡ್ರಿ’ ಎಂದು ಮುಂದೆ ಹೋದ.

ಪೂಜೆಯ ದಿನ ಐದು ಜನ ಮುತ್ತೈದೆಯರು ಹೊಸ ಮೇಲ್ಗಲ್ಲನ್ನು ಹಳೆಯ ಕೆಳಗಲ್ಲಿನ ಮೇಲೆ ಕೂರಿಸಿ, ಗೂಟಕ್ಕೆ ಅರಿಶಿನ ಕೊಂಬು ಕಟ್ಟಿದರು. ಹಾಡು ಸುರುವಾಯಿತು. ಕಲ್ಲು ಮೊದಲ ಎರಡು ಸುತ್ತು ತೊಡರಿತು, ಆಮೇಲೆ ಗುರ್ ಎಂದು ತಿರುಗಿತು. ಅತ್ತಿ ಮೊದಲ ಹಿಟ್ಟಿನ ಒಂದು ಚಿಟಿಕೆಯನ್ನು ತೆಗೆದು, ಎಲ್ಲರ ಎದುರೇ, ನೆಟ್ಟಗೆ ನನ್ನ ಹತ್ತಿರ ಬಂದು ನನ್ನ ಬಾಯಿಗೆ ಹಾಕಿದಳು. ಹೆಂಗಸರೆಲ್ಲ ಹಾಡುತ್ತಲೇ ನನ್ನ ಮುಖ ನೋಡುತ್ತಿದ್ದರು. ನಾನು ಕಡಿದು ನೋಡಿದೆ. ಮೆತ್ತಗಿತ್ತು, ಸಿಹಿಯಾಗಿತ್ತು. ತಲೆ ಅಲ್ಲಾಡಿಸಿದೆ. ಸುಮಂಗಲಕ್ಕನಿಗೆ ಅರಿಶಿನ ಹಚ್ಚಿದರು.

ಮುಂದೆ ನಾನು ಮೇಷ್ಟರಾದೆ. ರೂಪಾಂತರ ಶಿಲೆಗಳ ಪಾಠ ಬಂದಾಗೆಲ್ಲ ಹುಡುಗರಿಗೆ ಬೀಸುಕಲ್ಲಿನ ಕಥೆ ಹೇಳುತ್ತಿದ್ದೆ. ಆದರೆ ಅದರಲ್ಲಿ ಕಲ್ಲು ತಾನಾಗಿಯೇ ಒಡೆಯುತ್ತಿತ್ತು. ಜೋಳ ಅರೆದು ನೋಡುವ ಉಪಾಯ ಯಾರದೋ ಹಳ್ಳಿಯ ಹೆಂಗಸಿನದಾಗಿರುತ್ತಿತ್ತು. ಒಂದೆರಡು ವರ್ಷ ಅದು ನನ್ನದೇ ಆದದ್ದೂ ಉಂಟು. ಮೂವತ್ತು ವರ್ಷ ಹೇಳಿದ ಮೇಲೆ ನನಗೇ ಅದು ನಿಜ ಎನ್ನಿಸತೊಡಗಿತ್ತು.

ಅಂಗಡಿಯಲ್ಲಿ ಆ ವಾಸನೆ ಬಂದಾಗ ಇದೆಲ್ಲ ಒಮ್ಮೆಲೇ ಎದ್ದು ನಿಂತು ನನಗೆ ಬಹಳ ನಾಚಿಕೆಯಾಯಿತು. ಹೆಂಡತಿ ಹಲಗೆ ನೋಡುತ್ತಿದ್ದಳು. ನಾನು ಹೊರಗೆ ಬಂದು ನೇಸರಗಿಗೆ ಫೋನು ಹಚ್ಚಿದೆ. ಅತ್ತಿಗೆ ಈಗ ಎಂಬತ್ತರ ಮೇಲೆ. ಕಿವಿ ಚುರುಕಾಗಿವೆ, ಮಾತು ಇನ್ನೂ ಚುರುಕು. ಅದು ಇದು ಮಾತಾಡಿ, ‘ಅತ್ತಿ, ಅವತ್ತ ಬೀಸುಕಲ್ಲು ಒಡದದ್ದಕ್ಕ ನಾ ತಪ್ಪಾತು ಅಂತ ಅಂದs ಇಲ್ಲ’ ಎಂದೆ.

ಆಕಡೆಯಿಂದ ನಗು ಕೇಳಿಸಿತು, ಯಮನಪ್ಪಜ್ಜನ ಅಂಗಳದಲ್ಲಿ ಕೇಳಿದ ಅದೇ ಜೋರು ನಗು.

‘ಅದನ್ನ ಇಷ್ಟ ವರ್ಷ ಹೊತಗೊಂಡು ತಿರಗತೀಯೇನೋ? ಅತ್ತಿದ್ದೆ, ಹೌದು. ನಮ್ಮಪ್ಪ ಕೊಟ್ಟದ್ದು ಅಂತ ಅತ್ತಿದ್ದೆ. ಆದ್ರ ತಮ್ಮಾ, ನನ್ನ ಗಂಡನ್ನ ನಮ್ಮಪ್ಪ ಆರಿಸಿದ. ಈ ಮನಿ ನಮ್ಮ ಮಾವ ಆರಿಸಿದ್ರು. ಮಗಳಿಗೆ ವರ ನಿಮ್ಮ ಮಾಮಾ ಆರಿಸಿದ್ರು. ನನ್ನ ಸೀರಿ ಸೈತ ಅವರs ತರತಿದ್ರು. ಆ ಕಲ್ಲೊಂದs ನೋಡು, ನೂರು ಕಲ್ಲಿನಾಗ ನಾನs ಕುಂತು ಆರಿಸಿದ್ದು. ಈಗೂ ದಿನಾ ಮುಂಜಾನೆ ಎದ್ದು ಅದರ ಮ್ಯಾಲ ಒಂದ ಸಲ ಕೈ ಇಡತೇನಿ. ನೀ ಒಡೀದಿದ್ರ ಅದು ಗುಡ್ಡದಾಗs ಇರತಿತ್ತು.’

ಫೋನು ಇಟ್ಟೆ. ಕಣ್ಣು ಒರೆಸಿಕೊಂಡು ಒಳಗೆ ಬಂದೆ. ನಮ್ಮ ಮನೆಯ ನೆಲದ ಕಲ್ಲು, ಮೆಟ್ಟಿಲಿನ ಕಲ್ಲು, ಈಗ ಮುಕ್ಕಾದ ಕಟ್ಟೆಯ ಪರಸಿ, ಎಲ್ಲವನ್ನೂ ಕಲ್ಲು ಬಲ್ಲವನೆಂದು ನಾನೇ ಆರಿಸಿದ್ದೆ ಎಂಬುದು ಬಾಗಿಲು ದಾಟುವಾಗ ಹೊಳೆಯಿತು. ಹೆಂಡತಿ ಮೂರು ಹಲಗೆಗಳ ನಡುವೆ ನಿಂತು ಒಂದರ ಮೇಲೆ ಅಂಗೈ ಇಟ್ಟಿದ್ದಳು. ಅಂಗಡಿಯವರು ನನ್ನ ಕಡೆ ತಿರುಗಿ, ‘ಸರ್, ಹೇಳ್ರಿ, ಯಾವುದು ಫೈನಲ್?’ ಎಂದರು. ಆಕೆಯೂ ಅಭ್ಯಾಸದಂತೆ ನನ್ನ ಮುಖ ನೋಡಿದಳು.

‘ನನ್ನ ಕೇಳಬ್ಯಾಡ್ರಿ’ ಎಂದು ನಾನು ಅಲ್ಲಿದ್ದ ಒಂದು ಸ್ಟೂಲು ಎಳೆದುಕೊಂಡು ಕೂತೆ. ‘ಇನ್ನೂ ಎಷ್ಟ ಹಲಗಿ ಅದಾವೋ ಎಲ್ಲಾ ಅವರಿಗೆ ತೋರಸ್ರಿ. ನಮಗೇನು ಗಡಿಬಿಡಿ ಇಲ್ಲ.’